ಸಿ ಡ್ರೈವಿನಲ್ಲಿ ಉಳಿದ ಬಸ್ತಿಹಳ್ಳಿ

ಅವತ್ತು ಹಾಸನದ ಆ ಕೋಣೆಯಲ್ಲಿ ಏನು ನಡೆಯಿತು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ.

ಗೊತ್ತಿದೆ ಎಂದು ಹೋದ ತಿಂಗಳವರೆಗೂ ಅಂದುಕೊಂಡಿದ್ದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಒಂಬತ್ತು ವರ್ಷಗಳಿಂದ ಅದನ್ನೊಂದು ಕತೆ ಮಾಡಿಕೊಂಡು ಹೋದಲ್ಲೆಲ್ಲ ಹೇಳುತ್ತಾ ಬಂದಿದ್ದೆ. ಕಾಲೇಜಿನ ಮೊದಲ ದಿನದ ಪಾಠದಲ್ಲಿ, ಮೇಷ್ಟ್ರುಗಳ ತರಬೇತಿಯಲ್ಲಿ, ಒಂದೆರಡು ಮದುವೆಮನೆಗಳಲ್ಲಿ ಕೂಡ. (ಎರಡನೇ ಪಂಕ್ತಿಗೆ ಕಾಯುತ್ತಾ ಕೂತ ಮನುಷ್ಯ ಏನು ಬೇಕಾದರೂ ಹೇಳುತ್ತಾನೆ.) ಕತೆ ಚೆನ್ನಾಗಿತ್ತು. ಜನ ನಗುತ್ತಿದ್ದರು. ಒಂದು ಕತೆಗೆ ಜನ ನಗಲು ಶುರುಮಾಡಿದರೆ, ಅದು ನಿಜವೋ ಸುಳ್ಳೋ ಎಂದು ನೋಡುವ ಕೆಲಸವನ್ನು ಹೇಳುವವನು ಬಿಟ್ಟುಬಿಡುತ್ತಾನೆ.

ಈ ಅಂಕಣವನ್ನು ಓದುತ್ತಾ ಬಂದಿರುವ ನಿಮಗೆ ನನ್ನ ಸ್ವಭಾವ ಗೊತ್ತು. ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ ನಾನು. ಜಾತಕ, ಪೇಪರಿನ ಸಮೀಕ್ಷೆ, ಬಸ್ ಸ್ಟ್ಯಾಂಡಿನ ಟೈಂ ಟೇಬಲ್ಲು, ಎಲ್ಲದರ ಮೇಲೂ ಅನುಮಾನಪಟ್ಟಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದಿ ನಾನು ಗಳಿಸಿಕೊಂಡ ಆಸ್ತಿ ಇದೊಂದೇ. ಅನುಮಾನಪಡದೆ ಬಿಟ್ಟದ್ದು ನನ್ನ ಸ್ವಂತ ನೆನಪನ್ನು ಮಾತ್ರ.

ಇರಲಿ. ಮೊದಲು ಕತೆ ಕೇಳಿ. ಒಂಬತ್ತು ವರ್ಷ ಹೇಳಿದ ಹಾಗೆಯೇ ಹೇಳುತ್ತೇನೆ.

ವೈಟೂಕೆ ಗಲಾಟೆ ಆಗಷ್ಟೇ ಮುಗಿದಿತ್ತು. ಇಸವಿ ಬದಲಾದರೆ ಪ್ರಪಂಚದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಹೆದರಿಸಿದ್ದರು, ಏನೂ ಆಗಲಿಲ್ಲ. ಆದರೆ ಆ ಹೆದರಿಕೆಯಿಂದ ಕಂಪ್ಯೂಟರಿನ ಹೆಸರು ಅರಸೀಕೆರೆಯವರೆಗೂ ಬಂತು. ಸ್ಟೇಷನ್ ರಸ್ತೆಯಲ್ಲಿ, ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ, ಒಂದು ಟ್ರೈನಿಂಗ್ ಸೆಂಟರು ಶುರುವಾಯಿತು. ಅದರ ಹೆಡ್ಡಾಫೀಸು ಹಾಸನದಲ್ಲಿ. ಕೋರ್ಸಿನ ಹೆಸರು ‘ವೆಬ್ ಡಿಸೈನ್ ಮತ್ತು ಮಾಹಿತಿ ತಂತ್ರಜ್ಞಾನ: ಒಂದು ಪರಿಚಯ’. ಅವಧಿ ಮೂರು ತಿಂಗಳು. ಮೇಷ್ಟ್ರು ನಾನು.

ವಿದ್ಯಾರ್ಥಿಗಳು ಹದಿನಾಲ್ಕು ಜನ. ಕಂಪ್ಯೂಟರು ಒಂದು. ಇಂಟರ್ನೆಟ್ಟು ಇಲ್ಲವೇ ಇಲ್ಲ.

ಇಂಟರ್ನೆಟ್ ಇಲ್ಲದೆ ವೆಬ್ ಡಿಸೈನ್ ಕಲಿಸುವುದು ಹೇಗೆ ಅಂತೀರಾ? ಬಾವಿ ಇಲ್ಲದೆ ಈಜು ಕಲಿಸುವ ಹಾಗೆ. ನೆಲದ ಮೇಲೆ ಬೋರಲು ಮಲಗಿಸಿ ಕೈಕಾಲು ಆಡಿಸಿ ಎನ್ನುವುದು. ನಾನು ಬೋರ್ಡಿನ ಮೇಲೆ ಎಚ್‌ಟಿಎಂಎಲ್ ಬರೆಯುತ್ತಿದ್ದೆ. ಅವರು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಆಮೇಲೆ ಸರದಿಯ ಪ್ರಕಾರ ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಒಳಕೋಣೆಗೆ ಹೋಗಿ, ಬರೆದುಕೊಂಡದ್ದನ್ನು ಕಂಪ್ಯೂಟರಿಗೆ ಹಾಕಿ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಡಬೇಕೆಂಬುದು ಹೆಡ್ಡಾಫೀಸಿನ ಕಟ್ಟುನಿಟ್ಟಿನ ಆದೇಶ. ಧೂಳಿಗೆ ಯಂತ್ರ ಕೆಡುತ್ತದಂತೆ. ಶುಕ್ರವಾರ ಮಾನಿಟರಿಗೆ ಕುಂಕುಮ ಇಡುತ್ತಿದ್ದುದು ಮಾತ್ರ ಯಾರ ಆದೇಶವೂ ಅಲ್ಲ, ತಾನಾಗಿ ಬಂದದ್ದು. ಹಾಗಾಗಿ ನೋಟ್ಸಿಗೂ ಒಂದು ಮಡಿ ಬಂದುಬಿಟ್ಟಿತ್ತು. ಬೋರ್ಡಿನ ಮೇಲೆ ನಾನು ಚುಕ್ಕಿ ಇಟ್ಟರೆ ಹದಿನಾಲ್ಕು ಪುಸ್ತಕಗಳಲ್ಲಿ ಚುಕ್ಕಿ. ಸೀಮೆಸುಣ್ಣ ಜಾರಿ ಗೆರೆ ಬಿದ್ದರೆ ಹದಿನಾಲ್ಕು ಗೆರೆ.

ಆ ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು ಬಸ್ತಿಹಳ್ಳಿಯ ಹುಡುಗಿ. (ಕತೆಯಲ್ಲಿ ನಾನು ಅವಳ ಹೆಸರು ಹೇಳುತ್ತಿರಲಿಲ್ಲ. ಅಷ್ಟು ಸಭ್ಯತೆ ಇತ್ತು.) ಹಳೇಬೀಡಿನ ಮಗ್ಗುಲಲ್ಲೇ ಇರುವ ಊರು ಅದು, ಜೈನ ಬಸದಿಗಳಿರುವುದು ಅಲ್ಲೇ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕೋರ್ಸಿನ ಕೊನೆಗೆ ಎಲ್ಲರೂ ಒಂದೊಂದು ವೆಬ್ ಪೇಜ್ ಮಾಡಬೇಕಿತ್ತು. ಅವಳು ತನ್ನ ಊರಿನ ಬಸದಿಗಳ ಮೇಲೆ ಮಾಡಿದಳು. ಫೋಟೋ ತೆಗೆಸಿ, ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ತಂದಿದ್ದಳು. ಬಸದಿಯ ಕಂಬಗಳನ್ನು ನೀವು ನೋಡಿರಬಹುದು. ಕನ್ನಡಿಯ ಹಾಗೆ ತಿಕ್ಕಿದ ಕಲ್ಲು, ಎದುರು ನಿಂತರೆ ನಮ್ಮ ರೂಪ ಕಾಣುತ್ತದೆ. ಆ ಕಂಬದ ಫೋಟೋದ ಕೆಳಗೆ ಅವಳು ಬರೆದಿದ್ದಳು: ‘ಈ ಕಂಬದಲ್ಲಿ ನಿಮ್ಮ ಮುಖ ನೋಡಿಕೊಳ್ಳಿ.’ (ಇಂಗ್ಲಿಷಿನಲ್ಲಿ. ಆಗಿನ ಕನ್ನಡ ಫಾಂಟುಗಳ ಪಾಡು ಬೇರೆಯೇ ಒಂದು ಅಂಕಣದಷ್ಟಿದೆ.)

ನನಗೆ ಆ ವೇಳೆಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಸೆಂಟರಿನಲ್ಲಿ ನನ್ನ ಜಾಗಕ್ಕೆ ಒಬ್ಬರು ಬೇಕಿತ್ತು. ಕೋರ್ಸು ಮುಗಿಸಿದವರಲ್ಲಿ ಇಬ್ಬರನ್ನು ಹಾಸನಕ್ಕೆ ಕರೆದರು: ಇವಳನ್ನು, ಮತ್ತೆ ಗಂಡಸಿಯ ನಾಗರಾಜನನ್ನು. ಪೇಜು ನೋಡಿ ಒಬ್ಬರನ್ನು ಆರಿಸುವುದು. ಇಬ್ಬರೂ ತಮ್ಮ ಪೇಜನ್ನು ಫ್ಲಾಪಿಯಲ್ಲಿ ತಂದಿದ್ದರು. ನಾನೂ ಜೊತೆಗಿದ್ದೆ.

ಹಾಸನದ ಕಂಪ್ಯೂಟರಿನಲ್ಲಿ ಅವಳ ಪೇಜು ತೆರೆದರು. ಚಿತ್ರಗಳಿಲ್ಲ! ಆರು ಚಿತ್ರಗಳ ಜಾಗದಲ್ಲಿ ಆರು ಖಾಲಿ ಚೌಕ. ಒಂದೊಂದರ ಮೂಲೆಯಲ್ಲೂ ಕೆಂಪು ಇಂಟು ಗುರುತು. ಕಂಬದ ಚೌಕವೂ ಖಾಲಿ, ಅದರ ಕೆಳಗೆ ‘ನಿಮ್ಮ ಮುಖ ನೋಡಿಕೊಳ್ಳಿ’. ಪರೀಕ್ಷಕರು ಕನ್ನಡಕ ಏರಿಸಿ, ಆ ಚೌಕದೊಳಗೆ ಬಗ್ಗಿ ನೋಡಿ, “ನನ್ನ ಮುಖ ಕಾಣಿಸ್ತಾ ಇಲ್ವಲ್ಲಮ್ಮ” ಎಂದರು.

ಇಲ್ಲಿ ಜನ ನಗುತ್ತಿದ್ದರು. ನಾನು ಸ್ವಲ್ಪ ಹೊತ್ತು ಬಿಟ್ಟು, ಕಾರಣ ವಿವರಿಸುತ್ತಿದ್ದೆ.

ನಿಮಗೂ ವಿವರಿಸಿಬಿಡುತ್ತೇನೆ. ವೆಬ್ ಪೇಜಿನೊಳಗೆ ಚಿತ್ರ ಇರುವುದಿಲ್ಲ. ಚಿತ್ರ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಪೇಜು ತೆರೆದ ಕಂಪ್ಯೂಟರು ಆ ವಿಳಾಸಕ್ಕೆ ಹೋಗಿ ಚಿತ್ರ ತಂದು ತೋರಿಸುತ್ತದೆ. ‘ಪೇಜಿನ ಪಕ್ಕದಲ್ಲೇ ಇದೆ’ ಎಂದು ಬರೆದರೆ ಪೇಜು ಹೋದಲ್ಲೆಲ್ಲ ಚಿತ್ರವೂ ಹೋಗುತ್ತದೆ. ಅದಕ್ಕೆ ಬರೀ ಚಿತ್ರದ ಹೆಸರು ಸಾಕು. ಆದರೆ ‘ಸಿ ಡ್ರೈವು, ಮೈ ಡಾಕ್ಯುಮೆಂಟ್ಸು, ಇಂಥ ಚಿತ್ರ’ ಎಂದು ಬರೆದರೆ? ಅದು ‘ನಮ್ಮನೆ ಅಟ್ಟದ ಮೇಲೆ, ಎಡಗಡೆ ಟ್ರಂಕಿನಲ್ಲಿ’ ಎಂದು ಬರೆದ ಹಾಗೆ. ಓದಿದವನು ತನ್ನ ಮನೆಯ ಅಟ್ಟ ಹತ್ತಿ, ತನ್ನ ಟ್ರಂಕು ತೆಗೆದು ನೋಡುತ್ತಾನೆ. ಅಲ್ಲಿ ಏನಿರುತ್ತದೆ? ಅವಳು ಹಾಗೆ ಬರೆದಿದ್ದಳು. ಚಿತ್ರಗಳು ಫ್ಲಾಪಿಯಲ್ಲೇ, ಪೇಜಿನ ಪಕ್ಕದಲ್ಲೇ ಇದ್ದವು. ಹಾಸನದ ಕಂಪ್ಯೂಟರು ಪಾಪ, ತನ್ನ ಅಟ್ಟದಲ್ಲಿ ಬಸ್ತಿಹಳ್ಳಿ ಹುಡುಕುತ್ತಿತ್ತು.

ನಾಗರಾಜನ ಪೇಜು ತೆಂಗಿನಕಾಯಿಯ ಮೇಲೆ. ಅದರಲ್ಲಿ ಒಂದೂ ಚಿತ್ರವಿರಲಿಲ್ಲ. ಬರೀ ಅಕ್ಷರಗಳು, ಅವೂ ಎಡದಿಂದ ಬಲಕ್ಕೆ ಓಡಾಡುವಂಥವು. ಎಲ್ಲ ಸರಿಯಾಗಿ ಓಡಿದವು. ಕೆಲಸ ಅವನಿಗೆ ಸಿಕ್ಕಿತು.

“ಸಾವಿರ ಸಲ ಹೇಳಿಕೊಟ್ಟಿದ್ದೆ, ಸಿ ಡ್ರೈವ್ ಅಂತ ಬರೀಬೇಡಿ ಅಂತ. ಕೇಳಬೇಕಲ್ಲ!” ಇದು ನನ್ನ ಕತೆಯ ಕೊನೆಯ ವಾಕ್ಯ. ಚಪ್ಪಾಳೆ.

ಹೋದ ತಿಂಗಳು ಒಂದು ಗುರುವಾರ, ಹಗರೆಯ ಕಡೆಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಲ್ಯಾಬಿನ ಉದ್ಘಾಟನೆಗೆ ನನ್ನನ್ನು ಕರೆದಿದ್ದರು. ಐದು ಕಂಪ್ಯೂಟರು. ಬಾಗಿಲಿಗೆ ಟೇಪು, ತಟ್ಟೆಯಲ್ಲಿ ಕತ್ತರಿ, ಕತ್ತರಿಯ ಪಕ್ಕ ಕೆಂಪು ದಾರ ಕಟ್ಟಿದ ಲ್ಯಾಬಿನ ಕೀ. ಟೇಪು ಕತ್ತರಿಸಿದೆ. ಭಾಷಣಕ್ಕೆ ನಿಂತೆ. ಮಕ್ಕಳಿಗೆ ಈ ಕತೆ ಬಿಟ್ಟು ಇನ್ನೇನು ಹೇಳಲಿ? ಹೇಳಿದೆ. ಖಾಲಿ ಚೌಕಕ್ಕೆ ಬಗ್ಗಿ ನೋಡುವುದನ್ನು ಅಭಿನಯಿಸಿಯೂ ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು.

ಆಮೇಲೆ ಸ್ಟಾಫ್ ರೂಮಿನಲ್ಲಿ ಉಪ್ಪಿಟ್ಟು, ಕಾಫಿ. ತಟ್ಟೆ ತಂದು ಮುಂದಿಟ್ಟ ವಿಜ್ಞಾನದ ಮೇಡಂ ಅಲ್ಲೇ ನಿಂತರು.

“ಸರ್, ಆರಲ್ಲ, ನಾಲ್ಕು.”

“ಏನು ನಾಲ್ಕು?”

“ಫೋಟೋ. ನೀವು ಆರು ಅಂದ್ರಿ. ನಾಲ್ಕೇ ಇದ್ದಿದ್ದು ಸರ್. ಆ ಫ್ಲಾಪೀಲಿ ಅಷ್ಟೇ ಹಿಡ್ಸಿದ್ದು.”

ಚಮಚ ಕೈಯಲ್ಲೇ ಉಳಿಯಿತು. ಮುಖ ನೋಡಿದೆ. ಗುರುತು ಸಿಗಲಿಲ್ಲ. ಮತ್ತೆ ನೋಡಿದೆ.

“ಬಸ್ತಿಹಳ್ಳಿ ಸುನಂದ ಸರ್.”

ಹೆಡ್‌ಮಾಸ್ಟರು ಜೋರಾಗಿ ನಕ್ಕರು. ಒಳ್ಳೆಯ ಮನುಷ್ಯ, ನಗೆಯೂ ದೊಡ್ಡದು. “ಅಯ್ಯೋ, ಆ ಹುಡುಗಿ ನೀವೇನ್ರೀ ಮೇಡಂ? ಒಳ್ಳೆ ಕತೆ ಆಯ್ತಲ್ಲ! ನಾನು ನೋಡಿದ್ರೆ ಲ್ಯಾಬ್ ಇನ್‌ಚಾರ್ಜ್ ನಿಮ್ಗೇ ಕೊಡೋಣ ಅಂತ ಕೂತಿದ್ದೀನಿ!”

ಗಣಿತದ ಮೇಷ್ಟ್ರು ಕಾಫಿ ಕೆಳಗಿಟ್ಟರು. “ಮಿಷನ್ನು ಹೊಸ್ದು ಸರ್. ಹೆಚ್ಚುಕಮ್ಮಿ ಆದ್ರೆ ಕೇಳೋರಿಗೆ ಉತ್ತರ ಕೊಡೋರು ಯಾರು? ಸದ್ಯಕ್ಕೆ ನಾನೇ ನೋಡ್ಕೋತೀನಿ ಬಿಡಿ.”

“ಸೋಮವಾರ ಮಾತಾಡೋಣ ಬಿಡ್ರೀ” ಎಂದು ಹೆಡ್‌ಮಾಸ್ಟರು ಕೆಂಪು ದಾರದ ಕೀಯನ್ನು ಮೇಜಿನ ಮೇಲಿದ್ದ ಉದ್ಘಾಟನೆಯ ತಟ್ಟೆಯಿಂದೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಎಲ್ಲರೂ ನಗುತ್ತಲೇ ಇದ್ದರು. ಸುನಂದ ಕೂಡ ನಕ್ಕರು. ಆದರೆ ಆ ಕೀ ಜೇಬಿಗೆ ಹೋಗುವುದನ್ನು ಅವರು ನೋಡಿದ್ದನ್ನು ನಾನು ನೋಡಿದೆ.

ಬಸ್ಸಿನವರೆಗೆ ಬಂದು ಕಳಿಸುತ್ತೇನೆಂದು ಜೊತೆಗೆ ಬಂದರು. ಮೇನ್ ರೋಡಿನ ಪಕ್ಕ ಹಾಲಿನ ಕ್ಯಾನುಗಳನ್ನು ಸಾಲಾಗಿ ಇಟ್ಟಿದ್ದರು. ಅಲ್ಲಿ ನಿಂತೆವು. ಹಿಂದೆ ಅವಳನ್ನು ‘ನೀನು’ ಎನ್ನುತ್ತಿದ್ದೆ. ಈಗ ಹೆಡ್‌ಮಾಸ್ಟರ ಮುಂದೆ ‘ನೀವು’ ಅಂದಾಗಿತ್ತು. ರಸ್ತೆಗೆ ಬಂದ ಮೇಲೆ ಯಾವುದೆಂದು ತಿಳಿಯದೆ ಎರಡನ್ನೂ ತಪ್ಪಿಸಿ ಮಾತಾಡಿದೆ.

“ಆಮೇಲೆ ಏನಾಯ್ತು? ಆ ಕೆಲಸ ಸಿಗದ ಮೇಲೆ?”

“ಮೂರು ವರ್ಷ ಹಳೇಬೀಡಲ್ಲಿ ಎಸ್‌ಟಿಡಿ ಬೂತಲ್ಲಿ ಕೂತಿದ್ದೆ ಸರ್. ಆಮೇಲೆ ಬಿಎಡ್ಡು. ಆಮೇಲೆ ಇದು.” ದೂರು ಹೇಳುವ ದನಿಯಲ್ಲ. ಬಸ್ಸು ಯಾವ ಯಾವ ಊರಿನ ಮೇಲೆ ಹೋಗುತ್ತದೆ ಎಂದು ಹೇಳಿದ ಹಾಗಿತ್ತು.

ನಾನು ಸುಮ್ಮನಿರಬಹುದಿತ್ತು. ಮೇಷ್ಟ್ರುಗಳಿಗೆ ಅದು ಬರುವುದಿಲ್ಲ.

“ಆದ್ರೂ ಸುನಂದಾ, ನಾನು ಕ್ಲಾಸಲ್ಲಿ ಹೇಳಿದ್ದೆನಲ್ಲಮ್ಮ. ಬರೀ ಹೆಸರು ಬರೀಬೇಕು, ಸಿ ಡ್ರೈವ್ ಬರೀಬಾರದು ಅಂತ.”

“ಇಲ್ಲ ಸರ್.”

“ಏನು ಇಲ್ಲ?”

“ಹೇಳಿರ್ಲಿಲ್ಲ. ನೀವು ಬೋರ್ಡ್ ಮೇಲೆ ಬರ್ದಿದ್ದೇ ಸಿ ಕೋಲನ್ ಅಂತ. ಅದನ್ನೇ ನಾವು ಹದಿನಾಲ್ಕು ಜನಾನೂ ಬರ್ಕೊಂಡ್ವಿ.”

ಒಂದು ಲಾರಿ ಹೋಯಿತು. ಅದು ಪೂರ್ತಿ ಹೋಗುವವರೆಗೆ ಕಾದೆ.

“ಮತ್ತೆ ಅವತ್ತು ಹಾಸನದಲ್ಲಿ ಯಾಕೆ ಹೇಳಲಿಲ್ಲ? ‘ಯಾರಮ್ಮ ಹೀಗೆ ಹೇಳ್ಕೊಟ್ಟಿದ್ದು’ ಅಂತ ಅವರು ಕೇಳಿದ್ರಲ್ಲ?”

“ನೀವು ಪಕ್ಕದಲ್ಲೇ ಕೂತಿದ್ರಿ ಸರ್” ಎಂದರು ಸುನಂದ. “ನೀವೇ ಹೇಳ್ತೀರ ಅಂದ್ಕೊಂಡೆ.”

ಬಸ್ಸು ಬಂತು.

ಹಾಸನದವರೆಗೆ ನಾನು ನನ್ನ ಪರವಾಗಿ ವಾದ ಮಾಡಿಕೊಂಡು ಹೋದೆ. ಅವಳ ನೆನಪೇ ಯಾಕೆ ಸರಿ? ಕೆಲಸ ಕಳೆದುಕೊಂಡವಳಿಗೆ ತಪ್ಪು ಬೇರೆಯವರದು ಎಂದು ನೆನಪಾಗುವುದು ಸಹಜವಲ್ಲವೇ? ಒಳ್ಳೆಯ ವಾದ. ಅರಸೀಕೆರೆಯ ಬಸ್ಸು ಹಿಡಿಯಲು ಹಾಸನದಲ್ಲಿ ಇಳಿಯುವ ಹೊತ್ತಿಗೆ ಅದರ ಇನ್ನೊಂದು ಮಗ್ಗುಲು ಕಾಣಿಸಿತು. ಪಾಠ ಮಾಡಿದವನಿಗೆ ತಪ್ಪು ವಿದ್ಯಾರ್ಥಿಯದು ಎಂದು ನೆನಪಾಗುವುದೂ ಅಷ್ಟೇ ಸಹಜ. ಅಲ್ಲದೆ ಚಿತ್ರ ನಾಲ್ಕು ಎಂಬುದು ಅವಳಿಗೆ ನೆನಪಿತ್ತು. ನಾನು ಆರು ಮಾಡಿದ್ದೆ. ಎರಡು ಚಿತ್ರ ಎಲ್ಲಿಂದ ಬಂದವು? ಯಾವ ವರ್ಷ, ಯಾವ ಮದುವೆಮನೆಯಲ್ಲಿ ಸೇರಿಕೊಂಡವು? ಎರಡು ಚಿತ್ರ ಹೀಗೆ ಬಂದು ಸೇರಿಕೊಳ್ಳುವುದಾದರೆ, ‘ಸಾವಿರ ಸಲ ಹೇಳಿದ್ದೆ’ ಎಂಬುದೂ ಸೇರಿಕೊಂಡಿರಬಾರದೇಕೆ?

ಸೋಮವಾರಕ್ಕೆ ಮೂರು ದಿನವಿತ್ತು. ಇಬ್ಬರ ನೆನಪನ್ನು ತೂಗಿ ನೋಡುತ್ತಾ ಕೂರುವಷ್ಟು ಸಮಯವಲ್ಲ ಅದು. ಮೂರನೆಯವರು ಬೇಕಿತ್ತು.

ಶುಕ್ರವಾರ ನಾಗರಾಜನಿಗೆ ಫೋನ್ ಮಾಡಿದೆ. ಆ ಸೆಂಟರು ಎರಡು ವರ್ಷದಲ್ಲಿ ಮುಚ್ಚಿಹೋಯಿತು. ಈಗ ಗಂಡಸಿಯಲ್ಲಿ ಅವನದೇ ಜೆರಾಕ್ಸ್ ಅಂಗಡಿ ಇದೆ, ಪಕ್ಕದಲ್ಲೇ ಎರಡು ಕಂಪ್ಯೂಟರ್ ಇಟ್ಟಿದ್ದಾನೆ.

“ಏನ್ ಸಾ, ಇದ್ದಕ್ಕಿದ್ದಂಗೆ ನಮ್ ನೆನಪು?”

ವಿಷಯ ಹೇಳಿದೆ.

“ಹಾಸನದ್ದಾ? ಅವತ್ತು ಕರೆಂಟು ಹೋಗಿತ್ತಲ್ವಾ ಸಾ?”

“ಕರೆಂಟು ಹೋಗಿರಲಿಲ್ಲ ಕಣೋ.”

“ಹೋಗಿತ್ತು ಸಾ. ಅದ್ಕೇ ಅಲ್ವಾ ಸುನಂದಂದು ಚಿತ್ರ ಬರ್ದೇ ಇದ್ದಿದ್ದು?”

ಕೇಳಿದಿರಾ? ಒಂದು ಕೋಣೆ, ಮೂರು ಜನ, ಮೂರು ಘಟನೆ. ಕರೆಂಟು ಹೋದರೆ ಚಿತ್ರ ಮಾತ್ರ ಹೋಗಿ ಅಕ್ಷರ ಉಳಿಯುವುದು ಹೇಗೆ ಎಂದು ಕೇಳಲು ಹೋಗಲಿಲ್ಲ. ಬೇರೆ ಕಡೆಯಿಂದ ಹಿಡಿದೆ.

“ಅದಿರಲಿ. ಚಿತ್ರ ಹಾಕೋದನ್ನ ನಾನು ಕ್ಲಾಸಲ್ಲಿ ಹೇಗೆ ಹೇಳಿಕೊಟ್ಟಿದ್ದೆ? ಬೋರ್ಡ್ ಮೇಲೆ ಏನು ಬರೆದಿದ್ದೆ, ನೆನಪಿದೆಯಾ?”

ಅವನು ನಗಲು ಶುರುಮಾಡಿದ. “ಅದ್ನ ನನ್ ಕೇಳ್ತೀರಲ್ಲಾ ಸಾ! ಅವತ್ತು ನಾನು ಕ್ಲಾಸಿಗೇ ಬಂದಿರ್ಲಿಲ್ಲ. ತೋಟದಾಗೆ ಕಾಯಿ ಕೀಳುಸ್ತಾ ಇದ್ವಿ. ಚಿತ್ರ ಹಾಕೋದು ಗೊತ್ತಿದ್ರೆ ನಾನು ಹಾಕ್ದೆ ಬಿಡ್ತಿದ್ನಾ? ನಮ್ ತೋಟದ್ದು ಹತ್ತು ಫೋಟೋ ಇತ್ತು ಮನೇಲಿ. ಗೊತ್ತಿರ್ಲಿಲ್ಲ, ಅದ್ಕೇ ಅಕ್ಷರಾನೇ ಓಡ್ಸಿದ್ದು.”

ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ನನ್ನ ಪಾಠ ಕೇಳಿದವಳಿಗೆ ಕೆಲಸ ಹೋಯಿತು. ತಪ್ಪಿಸಿಕೊಂಡವನಿಗೆ ಸಿಕ್ಕಿತು. ಇದು ಸಾಕ್ಷಿಯಲ್ಲ, ಒಪ್ಪುತ್ತೇನೆ. ಆದರೆ ಮೇಷ್ಟ್ರಾದವನು ಕೇಳಬೇಕಾದ ಮಾತು.

ಇನ್ನೊಂದು ವಿಷಯವೂ ಆಗಲೇ ಹೊಳೆದದ್ದು. ಅರಸೀಕೆರೆಯಲ್ಲಿ ನಮ್ಮ ಹತ್ತಿರ ಇದ್ದದ್ದು ಒಂದೇ ಕಂಪ್ಯೂಟರು. ಪೇಜು ಮಾಡುವುದೂ ಅದರಲ್ಲೇ, ತೆರೆದು ನೋಡುವುದೂ ಅದರಲ್ಲೇ. ಸಿ ಡ್ರೈವಿನ ವಿಳಾಸ ಬರೆದರೂ ಅಲ್ಲಿ ಚಿತ್ರ ಬಂದೇ ಬರುತ್ತಿತ್ತು, ಯಾಕೆಂದರೆ ಚಿತ್ರ ಇದ್ದದ್ದು ಆ ಅಟ್ಟದ ಮೇಲೇ. ಮೂರು ತಿಂಗಳು ಯಾರಿಗೂ ತಪ್ಪು ಕಾಣಿಸುವ ಸಂದರ್ಭವೇ ಇರಲಿಲ್ಲ. ಬರೆದವರಿಗೂ, ಬರೆಸಿದವನಿಗೂ. ಅದು ತಪ್ಪು ಅಂತ ಗೊತ್ತಾಗಬೇಕಾದರೆ ಹಾಸನಕ್ಕೇ ಹೋಗಬೇಕಿತ್ತು.

ನಮ್ಮ ನೆನಪುಗಳನ್ನು ನಾವು ತೆರೆದು ನೋಡುವುದೂ ಹೀಗೇ ಅಲ್ಲವೇ? ಮಾಡಿದ ಯಂತ್ರದಲ್ಲೇ ತೆರೆಯುತ್ತೇವೆ. ಎಲ್ಲ ಚಿತ್ರಗಳೂ ಬಣ್ಣ ಸಮೇತ ಕಾಣುತ್ತವೆ. ಎರಡು ಹೆಚ್ಚಾಗಿಯೇ ಕಾಣುತ್ತವೆ.

ಶನಿವಾರ ಮಧ್ಯಾಹ್ನ ಅಟ್ಟ ಹತ್ತಿದೆ. ಸುನಂದ ತನ್ನ ನೋಟ್ಸನ್ನು ಎಂದೋ ರದ್ದಿಗೆ ಹಾಕಿರಬಹುದು. ನಾನು ಹಾಕುವವನಲ್ಲ. (ಯಾವುದನ್ನೂ ನಂಬದವನು ಎಲ್ಲ ಕಾಗದಗಳನ್ನೂ ಇಟ್ಟುಕೊಳ್ಳುತ್ತಾನೆ.) ಬೋರ್ಡಿನ ಮೇಲೆ ಬರೆಯುವ ಮುಂಚೆ ನಾನು ಪಾಠವನ್ನು ಪೂರ್ತಿ ಬಿಳಿ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ, ಆ ಫೈಲು ಇರಲೇಬೇಕಿತ್ತು.

“ಅಟ್ಟದಲ್ಲಿ ಏನ್ರೀ ಹುಡುಕ್ತಿದ್ದೀರಾ?” ಎಂದಳು ಹೆಂಡತಿ, ಏಣಿ ಹಿಡಿದುಕೊಂಡು.

“ನಾನು ಸುಳ್ಳು ಹೇಳ್ತಿದ್ದೀನಾ ಅಂತ ನೋಡ್ತಿದ್ದೀನಿ.”

“ಅದಕ್ಕೆ ಅಟ್ಟ ಯಾಕೆ ಹತ್ತಬೇಕಿತ್ತು? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?”

ಫೈಲು ಸಿಕ್ಕಿತು. ಎಡಗಡೆಯ ಟ್ರಂಕಿನಲ್ಲೇ. (ನಗಬೇಡಿ. ನಿಜವಾಗಿಯೂ ಎಡಗಡೆಯದೇ.) ಹನ್ನೊಂದನೇ ಹಾಳೆ, ತಲೆಬರಹ ‘ಪೇಜಿನಲ್ಲಿ ಚಿತ್ರ ಸೇರಿಸುವುದು’. ನನ್ನದೇ ಅಕ್ಷರ. ಉದಾಹರಣೆಯ ಸಾಲು ಶುರುವಾಗುವುದೇ ಸಿ ಡ್ರೈವಿನಿಂದ. ಅದರ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ನನಗೆ ನಾನೇ ಬರೆದುಕೊಂಡಿದ್ದ ಸೂಚನೆ: ‘ಇದ್ದ ಹಾಗೇ ಬರೆದುಕೊಳ್ಳಲು ಹೇಳುವುದು.’

ಬರೆದುಕೊಂಡರು. ಹದಿಮೂರು ಜನ. (ನಾಗರಾಜ ಕಾಯಿ ಕೀಳಿಸುತ್ತಿದ್ದ.)

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು ಹಗರೆಯಲ್ಲಿ ಇಳಿದೆ. ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದರು. ಹೆಡ್‌ಮಾಸ್ಟರ ಮುಂದೆ ಹಾಳೆ ಇಟ್ಟೆ. ಅವರು ಎರಡು ಸಲ ಓದಿದರು. ಗಣಿತದ ಮೇಷ್ಟ್ರೂ ಬಂದು ಹೆಗಲ ಮೇಲಿಂದ ಓದಿದರು.

“ಇದು ನಿಮ್ಮ ಕೈಬರಹಾನಾ ಸರ್?”

“ಹೌದು.”

“ಮತ್ತೆ ಅವತ್ತು ಭಾಷಣದಲ್ಲಿ ಬೇರೆ ಥರ...”

“ತಪ್ಪು ಹೇಳಿದೆ. ಹುಡುಗಿ ಬರೆದದ್ದು ನಾನು ಹೇಳಿಕೊಟ್ಟದ್ದನ್ನೇ.”

ಹೆಡ್‌ಮಾಸ್ಟರು ಈ ಸಲ ನಗಲಿಲ್ಲ. ಹಾಳೆಯನ್ನು ಮಡಿಸಿ ನನಗೇ ವಾಪಸು ಕೊಟ್ಟರು. ಬೇರೆಯವರ ಮನೆಯ ಕಾಗದವನ್ನು ಆಕಸ್ಮಿಕವಾಗಿ ಓದಿಬಿಟ್ಟವರ ಹಾಗೆ, ಸ್ವಲ್ಪ ಸಂಕೋಚದಿಂದ. ಡ್ರಾಯರು ಎಳೆದು ಕೀ ತೆಗೆದರು. “ಸುನಂದಾ ಮೇಡಂನ ಕರೀರಪ್ಪ” ಎಂದು ಬಾಗಿಲ ಕಡೆ ಕೂಗಿದರು. ಅವರು ಬಂದಾಗ ಹೆಚ್ಚೇನೂ ಹೇಳಲಿಲ್ಲ. “ತಗೊಳ್ಳಿ ಮೇಡಂ. ನಿಮ್ಮದೇ ಚಾರ್ಜು.” ಗಣಿತದ ಮೇಷ್ಟ್ರು, “ಏನಾದ್ರೂ ಹೆಲ್ಪ್ ಬೇಕಂದ್ರೆ ಹೇಳಿ ಮೇಡಂ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು ಎಂದು ನಂಬಿದ್ದೇನೆ. (ಒಂದು ವಾರದ ಮಟ್ಟಿಗೆ ನಂಬಿಕೆ ಅಭ್ಯಾಸ ಮಾಡುತ್ತಿದ್ದೇನೆ.)

ಮೊದಲ ಪೀರಿಯಡ್ಡು ಒಂಬತ್ತನೇ ಕ್ಲಾಸಿನದು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮಕ್ಕಳು ಲ್ಯಾಬಿನ ಹೊಸಿಲಿನಲ್ಲಿ ನಿಂತು ಚಪ್ಪಲಿ ಬಿಡತೊಡಗಿದ್ದರು. ಯಾರು ಹೇಳಿದ್ದರೋ, ಯಾರೂ ಹೇಳಿರಲಿಲ್ಲವೋ.

“ಚಪ್ಪಲಿ ಹಾಕ್ಕೊಂಡೇ ಬನ್ರೋ” ಎಂದರು ಸುನಂದ. “ಅದು ದೇವ್ರಲ್ಲ.”

ಬೋರ್ಡಿನ ಮೇಲೆ ಆಗಲೇ ಒಂದು ಸಾಲು ಬರೆದಿದ್ದರು: ‘ಇಲ್ಲಿ ಮಾಡಿದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡುವವರೆಗೆ ಕೆಲಸ ಮುಗಿಯುವುದಿಲ್ಲ.’

ಮಕ್ಕಳು ಅದನ್ನು ಇದ್ದ ಹಾಗೇ ಬರೆದುಕೊಳ್ಳುತ್ತಿದ್ದರು.

ಇಷ್ಟಾದ ಮೇಲೆ ನಾನು ಸಮಾಧಾನದಿಂದ ಇರಬೇಕು. ಪೂರ್ತಿ ಇಲ್ಲ. ಒಂದು ಪ್ರಶ್ನೆ ಉಳಿದುಕೊಂಡಿದೆ. ಹಾಸನದಲ್ಲಿ ಆ ಖಾಲಿ ಚೌಕಗಳು ಕಂಡಾಗ, ಕಾರಣ ನನಗೆ ಹೊಳೆದಿತ್ತೇ? ಪರೀಕ್ಷಕರು ‘ಯಾರು ಹೇಳ್ಕೊಟ್ಟಿದ್ದು’ ಎಂದಾಗ ಸುನಂದ ನನ್ನ ಬಾಯಿ ನೋಡುತ್ತಾ ಕಾದರಲ್ಲ, ಆಗ ನಾನು ಗೊತ್ತಿಲ್ಲದೆ ಸುಮ್ಮನಿದ್ದೆನೋ, ಗೊತ್ತಿದ್ದೇ ಸುಮ್ಮನಿದ್ದೆನೋ? ಕಿಟಕಿಯ ಕಡೆ ನೋಡುತ್ತಿದ್ದ ಹಾಗೆ ಈಗೀಗ ನೆನಪಾಗುತ್ತಿದೆ. ಆದರೆ ಇದು ನಿಜವಾದ ನೆನಪೋ, ಹಗರೆಯ ರಸ್ತೆಯಲ್ಲಿ ಆ ಮಾತು ಕೇಳಿದ ಮೇಲೆ ಹುಟ್ಟಿಕೊಂಡದ್ದೋ? ಇದಕ್ಕೆ ಯಾವ ಟ್ರಂಕಿನಲ್ಲೂ ಹಾಳೆಯಿಲ್ಲ. ಕೆಲಸ ಹೋದ ಆ ಮೂರು ವರ್ಷವನ್ನೂ ಯಾವ ಹಾಳೆ ತೋರಿಸಿದರೂ ವಾಪಸು ತರಲಾಗುವುದಿಲ್ಲ. ನನ್ನಿಂದ ಆಗುವುದು ಇಷ್ಟು: ಆ ಕತೆಯನ್ನು ಯಾವ ಯಾವ ಊರಿನಲ್ಲಿ ಹೇಳಿದ್ದೆನೋ ಅಲ್ಲಿಗೆಲ್ಲ ಈ ಪತ್ರಿಕೆ ಬರುತ್ತದೆ. ನಕ್ಕವರು ಇದನ್ನೂ ಓದಲಿ.

ಅವತ್ತು ಹೊರಡುವಾಗ ಸುನಂದ ಗೇಟಿನವರೆಗೆ ಬಂದರು. ಕೀಯ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡಿದ್ದರು. ನನ್ನ ಮುಖ ನೋಡಿ ಏನನ್ನಿಸಿತೋ.

“ತುಂಬ ಮನಸ್ಸಿಗೆ ಹಚ್ಕೋಬೇಡಿ ಸರ್. ಆಗ ನೀವು ಒಂದು ಬುಕ್ ಇಟ್ಕೊಂಡು ಪಾಠ ಮಾಡ್ತಿದ್ರಲ್ಲ, ನೀಲಿ ರಟ್ಟಿಂದು? ಆ ಬುಕ್ಕಲ್ಲೇ ತಪ್ಪಿತ್ತೇನೋ. ನೀವು ಅದನ್ನ ನೋಡಿ ಬರ್ಸಿರ್ತೀರ ಅಷ್ಟೆ.”

ಎಂಥ ಮಾತು! ಬಸ್ಸಿನಲ್ಲಿ ಅದನ್ನೇ ಹಿಡಿದುಕೊಂಡು ಕೂತೆ. ಹಾಸನ ದಾಟುವ ಹೊತ್ತಿಗೆ ಅದು ‘ಇರಬಹುದು’ ಎಂಬಲ್ಲಿಂದ ‘ಇದ್ದಿರಲೇಬೇಕು’ ಎಂಬಲ್ಲಿಗೆ ಬಂದಿತ್ತು. ಅರಸೀಕೆರೆಯಲ್ಲಿ ಇಳಿಯುವಾಗ ಆ ತಪ್ಪು ಸಾಲು ಪುಸ್ತಕದ ಯಾವ ಮೂಲೆಯಲ್ಲಿ ಅಚ್ಚಾಗಿತ್ತು ಎಂಬುದು ಕೂಡ ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು: ಎಡಗಡೆಯ ಪುಟ, ಕೆಳಗಿನಿಂದ ಮೂರನೇ ಸಾಲು.

ಏಣಿ ಇನ್ನೂ ಅಲ್ಲೇ ಇತ್ತು. ಚಪ್ಪಲಿ ಬಿಟ್ಟವನೇ ಅಟ್ಟ ಹತ್ತಿ, ಆ ನೀಲಿ ರಟ್ಟಿನ ಪುಸ್ತಕ ತೆಗೆದು ನೋಡಿದೆ.

ಪುಸ್ತಕದಲ್ಲಿ ಸರಿಯಾಗಿಯೇ ಇದೆ.